ಹಾರ್ನ್ ಕೆಟ್ಟಿದೆ ಅಂತ ಬಿಸಾಡುವ ಮೊದಲು: ಗಾಡಿ ವೈರಿಂಗ್ ಕೆಲಸದವರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ 24 ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಮಳೆಗಾಲ ಶುರುವಾಯಿತೆಂದರೆ ಅಂಗಡಿಗೆ ದಿನಾ ಹಾರ್ನ್ ದೂರು ಬರುತ್ತದೆ. ಗ್ರೂಪಿನಲ್ಲೂ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಭಾನುವಾರ ಪೂರ್ತಿ ಹಾರ್ನ್‌ಗೇ ಇಟ್ಟುಕೊಳ್ಳೋಣ. ಯಾವ ಗಾಡಿ, ಎಷ್ಟು ವರ್ಷ ಹಳೆಯದು, ಹಾರ್ನ್ ಹೇಗೆ ಕೂಗುತ್ತದೆ ಅಂತ ಬರೆದು ಕೇಳಿ. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ (ಸಕಲೇಶಪುರ, ಸ್ಕೂಟರ್): ಅಣ್ಣಾ, ಆರು ವರ್ಷದ ಸ್ಕೂಟರ್. ಮಳೆ ಹಿಡಿದಾಗಿನಿಂದ ಹಾರ್ನ್ ಸರಿಯಾಗಿ ಕೂಗುತ್ತಿಲ್ಲ. ಒಂದೊಂದು ಸಲ ಚೆನ್ನಾಗಿ ಬರುತ್ತದೆ, ಒಂದೊಂದು ಸಲ ಗಂಟಲು ಕಟ್ಟಿದವರ ಹಾಗೆ ‘ಕರ್ರ್’ ಅನ್ನುತ್ತದೆ. ಎರಡು ಕಡೆ ತೋರಿಸಿದೆ. ಇಬ್ಬರೂ ಹಾರ್ನ್ ಹೋಗಿದೆ, ಹೊಸದು ಹಾಕಿಸಿ ಅಂದರು. ಹೊಸದು ತಂದೂ ಇಟ್ಟಿದ್ದೇನೆ. ಹಾಕಿಸಿಬಿಡಲಾ?

ಉತ್ತರ: ಸ್ವಲ್ಪ ತಡೆಯಿರಿ ಸರ್. ಹೊಸದರ ಪ್ಯಾಕೆಟ್ ಒಡೆಯಬೇಡಿ, ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ. ‘ಒಂದೊಂದು ಸಲ ಚೆನ್ನಾಗಿ ಬರುತ್ತದೆ’ ಅಂದಿರಲ್ಲ, ಆ ಮಾತೇ ಮುಖ್ಯ. ಒಳಗೆ ಸುಟ್ಟುಹೋದ ಹಾರ್ನ್ ಒಂದೊಂದು ಸಲ ಚೆನ್ನಾಗಿ ಕೂಗುವುದು ಅಪರೂಪ. ಅದಕ್ಕೆ ಬರುವ ಕರೆಂಟೇ ಒಂದೊಂದು ಸಲ ಕಡಿಮೆ ಬರುತ್ತಿದೆ ಅಂತ ನನ್ನ ಅಂದಾಜು.

ಮೊದಲು ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಾರ್ನ್ ಒತ್ತಿ. ಆಗ ದನಿ ಗಟ್ಟಿಯಾದರೆ ಬ್ಯಾಟರಿ ಸೋತಿದೆ ಅಂತ ಅರ್ಥ. ಚಾರ್ಜ್ ತುಂಬಿರುವ 12 ವೋಲ್ಟ್ ಬ್ಯಾಟರಿ ಸುಮ್ನೆ ನಿಂತಾಗ 12.6ರ ಹತ್ತಿರ ತೋರಿಸಬೇಕು. ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು.

ಬ್ಯಾಟರಿ ಸರಿ ಇದ್ದರೆ ಮುಂದಿನ ಪರೀಕ್ಷೆ. ಹಾರ್ನ್‌ನ ಎರಡೂ ವೈರ್ ಕಿತ್ತು, ಬೇರೆ ಎರಡು ತುಂಡು ವೈರಿನಲ್ಲಿ ಬ್ಯಾಟರಿಯಿಂದ ನೇರ ಕೊಡಿ. ಒಂದು ಸೆಕೆಂಡ್ ಸಾಕು. ಮಾಮೂಲಿ ಡಿಸ್ಕ್ ಹಾರ್ನ್‌ಗೆ ಪ್ಲಸ್ ಮೈನಸ್ ಯಾವ ಕಡೆ ಕೊಟ್ಟರೂ ನಡೆಯುತ್ತದೆ. ನೇರ ಕೊಟ್ಟಾಗ ಚೆನ್ನಾಗಿ ಕೂಗಿದರೆ ನಿಮ್ಮ ಹಾರ್ನ್ ಗಟ್ಟಿಮುಟ್ಟಾಗಿದೆ. ತೊಂದರೆ ಇರುವುದು ಬ್ಯಾಟರಿಯಿಂದ ಹಾರ್ನ್‌ವರೆಗಿನ ದಾರಿಯಲ್ಲಿ.

ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಇದ್ದರೆ ಇನ್ನೂ ಒಳ್ಳೆಯದು. ಆದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಾರ್ನ್ ಬಿಚ್ಚಿಟ್ಟು ಬರೀ ವೈರ್ ತುದಿಯಲ್ಲಿ ಅಳೆದರೆ ಮೀಟರ್ ಪೂರ್ತಿ 12 ತೋರಿಸುತ್ತದೆ. ‘ಕರೆಂಟ್ ಬರ್ತಾ ಇದೆ, ಹಾಗಾದರೆ ಹಾರ್ನೇ ಹೋಗಿದೆ’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ತೋಟದ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿಕೊಂಡಿದ್ದರೂ ಗೇಟ್‌ವಾಲ್ ಮುಚ್ಚಿರುವ ತನಕ ಒತ್ತಡ ಪೂರ್ತಿ ಇರುತ್ತದೆ, ಬಿಟ್ಟಾಗಲೇ ಅಲ್ವಾ ನೀರು ಸಣ್ಣಗಾಗುವುದು? ಇದೂ ಹಾಗೇ. ಹಾರ್ನ್‌ಗೆ ವೈರ್ ಸಿಕ್ಕಿಸಿರಲಿ, ಒಬ್ಬರು ಬಟನ್ ಒತ್ತಿ ಹಿಡಿಯಲಿ, ಆಗ ಹಾರ್ನ್‌ನ ಎರಡು ಕಾಲಿಗೆ (ವೈರ್ ಸಿಕ್ಕಿಸುವ ಲೋಹದ ತುದಿಗೆ) ಮೀಟರ್ ಮುಟ್ಟಿಸಿ ನೋಡಿ. 11.5ರ ಮೇಲೆ ಇದ್ದರೆ ದಾರಿ ಚೆನ್ನಾಗಿದೆ. 10ಕ್ಕಿಂತ ಕೆಳಗೆ ಬಿದ್ದರೆ ಎಲ್ಲೋ ಕಿಲುಬು ಕೂತಿದೆ. ನೋಡಿ ಇಲ್ಲೇ ಬರೆಯಿರಿ, ಕಾಯುತ್ತೇನೆ.

ಪ್ರಶ್ನೆ (ಅರಸೀಕೆರೆ, ಬೈಕ್): ನನ್ನದು ಪೂರ್ತಿ ಸತ್ತೇ ಹೋಗಿದೆ ಸರ್. ಒತ್ತಿದರೆ ಒಂದು ಸದ್ದೂ ಇಲ್ಲ. ಟೆಸ್ಟ್ ಲ್ಯಾಂಪ್ ಇದೆ, ಮೀಟರ್ ಇಲ್ಲ.

ಉತ್ತರ: ಟೆಸ್ಟ್ ಲ್ಯಾಂಪ್ ಸಾಕು. ಮೊದಲು ಫ್ಯೂಸ್ ನೋಡಿ. ಇಂಡಿಕೇಟರ್, ಬ್ರೇಕ್ ಲೈಟ್ ಕೂಡ ಹೋಗಿದ್ದರೆ ಫ್ಯೂಸ್ ಮೇಲೇ ಅನುಮಾನ ಇಡಿ. ತುಂಬಾ ಬೈಕುಗಳಲ್ಲಿ ಇವೆಲ್ಲ ಒಂದೇ ದಾರಿಯಲ್ಲಿ ಹೋಗುತ್ತವೆ.

ಫ್ಯೂಸ್ ಸರಿ ಇದ್ದರೆ ಒಂದು ವಿಷಯ ತಿಳಿದುಕೊಳ್ಳಿ. ನಮ್ಮ ಕಡೆ ಓಡುವ ಎಷ್ಟೋ ಬೈಕುಗಳಲ್ಲಿ ಚಾವಿ ಆನ್ ಮಾಡಿದ ಕೂಡಲೇ ಹಾರ್ನ್‌ನ ಒಂದು ಕಾಲಿಗೆ ಪ್ಲಸ್ ಬಂದು ನಿಂತಿರುತ್ತದೆ. ಬಟನ್ ಒತ್ತಿದಾಗ ಇನ್ನೊಂದು ಕಾಲಿಗೆ ಅರ್ಥ್ (ಬ್ಯಾಟರಿ ಮೈನಸ್‌ಗೆ ಸೇರಿದ ಗಾಡಿಯ ಲೋಹ) ಸಿಗುತ್ತದೆ, ಅಷ್ಟೇ. ಹಾಗಾಗಿ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಮೈನಸ್‌ಗೆ ಹಾಕಿ, ಚಾವಿ ಆನ್ ಮಾಡಿ, ಹಾರ್ನ್‌ನ ಎರಡು ಕಾಲನ್ನೂ ಮುಟ್ಟಿ ನೋಡಿ. ಎರಡೂ ಕಡೆ ದೀಪ ಉರಿದರೆ ಪ್ಲಸ್ ಬರುತ್ತಿದೆ. ಆಗ ಒಂದು ಗಟ್ಟಿ ವೈರಿನಲ್ಲಿ ಬಟನ್ ಕಡೆಯ ಕಾಲನ್ನು ಗಾಡಿಯ ಬಣ್ಣ ಇಲ್ಲದ ಲೋಹದ ಜಾಗಕ್ಕೆ ಮುಟ್ಟಿಸಿ. ಕೂಗಿತಾ? ಹಾಗಾದರೆ ಬಟನ್ ಅಥವಾ ಅದರ ವೈರ್ ಕೆಟ್ಟಿದೆ. ಒಂದು ಕಾಲಿನಲ್ಲಿ ಮಾತ್ರ ದೀಪ ಉರಿದು ಇನ್ನೊಂದರಲ್ಲಿ ಉರಿಯದಿದ್ದರೆ, ಹಾರ್ನ್ ಒಳಗೇ ದಾರಿ ಕಡಿದಿದೆ. ಆಗ ಪಾಯಿಂಟ್ (ಸೇರಿ ಬಿಡುವ ಲೋಹದ ತುದಿ) ಕೆಟ್ಟಿರಬಹುದು, ಕಾಯಿಲ್ (ಸುತ್ತಿದ ತಂತಿ) ಹೋಗಿರಬಹುದು. ಕಾಲು ಮುಟ್ಟುವ ಮೊದಲು ನಿಮ್ಮ ಬೈಕಿನಲ್ಲಿ ಯಾವ ಬಣ್ಣದ ವೈರ್ ಬಟನ್‌ಗೆ ಹೋಗುತ್ತದೆ ಅಂತ ಹ್ಯಾಂಡಲ್ ಹತ್ತಿರ ಖಚಿತ ಮಾಡಿಕೊಳ್ಳಿ. ಪ್ಲಸ್ ವೈರನ್ನು ಲೋಹಕ್ಕೆ ಮುಟ್ಟಿಸಿದರೆ ಫ್ಯೂಸ್ ಹಾರುತ್ತದೆ.

ಹ್ಯಾಂಡಲ್ ತಿರುಗುವ ಜಾಗದಲ್ಲಿ, ಹೆಡ್‌ಲೈಟ್ ಹಿಂದೆ ವೈರಿನ ಕಟ್ಟು ಮಡಚುತ್ತದಲ್ಲ, ಅಲ್ಲಿ ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಂತಿ ತುಂಡಾಗಿರುವುದು ಉಂಟು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಕೂಗಿ ಬಲಕ್ಕೆ ತಿರುಗಿಸಿದಾಗ ನಿಂತರೆ ಅಲ್ಲೇ ಹುಡುಕಿ.

ಪ್ರಶ್ನೆ (ಅದೇ ಸದಸ್ಯರು): ಬಟನ್ನೇ ಸರ್! ಅರ್ಥ್ ಕೊಟ್ಟ ತಕ್ಷಣ ಕೂಗಿತು. ಸ್ವಿಚ್ ಸೆಟ್ ಪೂರ್ತಿ ಬದಲಾಯಿಸಬೇಕಾ?

ಉತ್ತರ: ಬೇಡ, ಮೊದಲು ಬಿಚ್ಚಿ ನೋಡಿ. ಸ್ವಿಚ್‌ನ ಕೆಳಭಾಗದಲ್ಲಿ ಎರಡು ಸ್ಕ್ರೂ ಇರುತ್ತವೆ. ಬಿಚ್ಚುವಾಗ ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ. ಬಟನ್ ಹಿಂದೆ ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡ ಸ್ಪ್ರಿಂಗ್ ಇದೆ, ಅದು ಹಾರಿಹೋದರೆ ಸಿಗುವುದು ಕಷ್ಟ. ಒಳಗೆ ಹಿತ್ತಾಳೆಯ ಎರಡು ಚಿಕ್ಕ ಪಟ್ಟಿ ಕಾಣುತ್ತವೆ. ಅವುಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಹಳೇ ತಾಮ್ರದ ಚೊಂಬಿನ ತಳದಲ್ಲಿ ಇರುತ್ತದಲ್ಲ, ಅದೇ ಬಣ್ಣ. ಝೀರೋ ನಂಬರ್ ಎಮರಿ ಪೇಪರಿನಲ್ಲಿ ಹಗುರವಾಗಿ ನಾಲ್ಕು ಸಲ ಉಜ್ಜಿ, ಹಿತ್ತಾಳೆ ಹೊಳೆಯುವ ತನಕ ಸಾಕು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದ್ದರೆ ಹೊಡೆದು ಒಣಗಲು ಬಿಡಿ. ಜೋಡಿಸುವ ಮೊದಲು ಚೂರೇ ಚೂರು ಪೆಟ್ರೋಲಿಯಂ ಜೆಲ್ಲಿ ಸವರಿ. ಇಂಜಿನ್ ಆಯಿಲ್ ಬಿಡಬೇಡಿ, ಧೂಳು ಅಂಟಿಕೊಂಡು ಕೆಸರಾಗುತ್ತದೆ.

ಪ್ರಶ್ನೆ (ಚನ್ನರಾಯಪಟ್ಟಣ): ಹಾರ್ನ್ ಹಿಂದೆ ಒಂದು ಸ್ಕ್ರೂ ಇರುತ್ತದಲ್ಲ ಸರ್, ಅದನ್ನು ತಿರುಗಿಸಿದರೆ ಸೌಂಡ್ ಜಾಸ್ತಿ ಆಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಬಹುದಾ?

ಉತ್ತರ: ಆ ಸ್ಕ್ರೂ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ. ಅದನ್ನು ತಿರುಗಿಸಿ ಕೆಡಿಸಿದ ಹಾರ್ನ್‌ಗಳನ್ನು ಅಷ್ಟು ನೋಡಿದ್ದೇನೆ.

ಹಾರ್ನ್ ಒಳಗೆ ಒಂದು ತೆಳು ಉಕ್ಕಿನ ತಟ್ಟೆ, ಒಂದು ತಾಮ್ರದ ಕಾಯಿಲ್, ಒಂದು ಜೊತೆ ಪಾಯಿಂಟ್ ಇವೆ. ಬಟನ್ ಒತ್ತಿದಾಗ ಕಾಯಿಲ್ ಅಯಸ್ಕಾಂತವಾಗಿ ತಟ್ಟೆಯನ್ನು ಎಳೆಯುತ್ತದೆ. ತಟ್ಟೆ ಒಳಗೆ ಬಂದ ಕೂಡಲೇ ಪಾಯಿಂಟ್ ಬಿಡಿಸಿಕೊಂಡು ಕರೆಂಟ್ ಕಡಿಯುತ್ತದೆ. ತಟ್ಟೆ ವಾಪಸ್ ಹೋಗುತ್ತದೆ, ಪಾಯಿಂಟ್ ಮತ್ತೆ ಸೇರುತ್ತದೆ. ಸೆಕೆಂಡಿಗೆ ಸುಮಾರು 400 ಸಲ ಇದೇ ಆಟ. ನಾವು ಕೇಳುವ ದನಿ ಆ ತಟ್ಟೆಯ ನಡುಕ. ಹಿಂದಿನ ಸ್ಕ್ರೂ ದನಿ ಏರಿಸುವ ಗುಂಡಿ ಅಲ್ಲ. ಪಾಯಿಂಟ್ ಯಾವಾಗ ಬಿಡಬೇಕು ಅನ್ನುವುದನ್ನು ಅದು ಹೇಳುತ್ತದೆ. ಪಾಯಿಂಟ್ ಸವೆದಂತೆ ಆ ಹೊತ್ತು ಆಚೀಚೆ ಆಗುತ್ತದೆ. ಅದನ್ನು ಸರಿಮಾಡಲು ಮಾತ್ರ ಸ್ಕ್ರೂ ಕೊಟ್ಟಿರುವುದು.

ಹಾಗಾಗಿ ನೇರ ಬ್ಯಾಟರಿ ಕೊಟ್ಟರೂ ದನಿ ಒಡೆದು ಬರುತ್ತಿದ್ದರೆ ಮಾತ್ರ ಸ್ಕ್ರೂ ಮುಟ್ಟಿ. ಮುಟ್ಟುವ ಮೊದಲು ಸ್ಕ್ರೂ ಮತ್ತು ಹಾರ್ನ್ ಮೇಲೆ ಒಂದೇ ಗೆರೆಯಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಒಂದು ಸೆಕೆಂಡ್ ಒತ್ತಿ ಕೇಳಿ. ಒತ್ತಿ ಹಿಡಿದುಕೊಂಡು ತಿರುಗಿಸುತ್ತಾ ಹೋಗಬೇಡಿ. ದನಿ ಕೆಟ್ಟರೆ ಗುರುತಿಗೆ ವಾಪಸ್ ಬಂದು ಇನ್ನೊಂದು ಕಡೆ ನೋಡಿ. ಒಂದು ಜಾಗದಲ್ಲಿ ದನಿ ತಿಳಿಯಾಗಿ, ಒಂದೇ ಸಮ ಬರುತ್ತದೆ. ಅಲ್ಲಿಗೆ ಬಿಟ್ಟುಬಿಡಿ. ಒತ್ತಿದಾಗ ‘ಟಕ್’ ಅಂತ ಒಂದೇ ಸದ್ದು ಬಂದು ಸುಮ್ಮನಾದರೆ ತಕ್ಷಣ ಕೈ ತೆಗೆಯಿರಿ. ಪಾಯಿಂಟ್ ಬಿಡುತ್ತಲೇ ಇಲ್ಲ, ಕರೆಂಟ್ ಒಂದೇ ಸಮ ಹರಿದು ಕಾಯಿಲ್ ಬಿಸಿಯಾಗುತ್ತಿದೆ. ಕೊನೆಗೆ ಸ್ಕ್ರೂ ತಲೆಯ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕಿ. ನೀರು ಒಳಗಿಳಿಯುವುದಿಲ್ಲ, ಸ್ಕ್ರೂ ಅಲುಗುವುದೂ ಇಲ್ಲ.

ಇನ್ನೊಂದು ಮಾತು. ಹಾರ್ನ್ ಕೂರಿಸುವ ಆ ಉಕ್ಕಿನ ಪಟ್ಟಿ ಅಲುಗಾಡುತ್ತದೆ ಅಂತ ಕೆಲವರು ತೆಗೆದು ನೇರ ಚಾಸಿಗೆ ಬೋಲ್ಟ್ ಮಾಡುತ್ತಾರೆ. ಆ ಪಟ್ಟಿ ಅಲುಗಾಡಲೆಂದೇ ಇರುವುದು. ಹಾರ್ನ್‌ನ ಮೈ ಫೈಬರ್‌ಗೋ ಬಾಡಿಗೋ ತಾಗಿದರೂ ದನಿ ಸಾಯುತ್ತದೆ. ಸುತ್ತ ಒಂದು ಬೆರಳಿನಷ್ಟು ಜಾಗ ಇರಲಿ, ಬಾಯಿ ಸ್ವಲ್ಪ ಕೆಳಗೆ ನೋಡುತ್ತಿರಲಿ. ವಾಟರ್ ಸರ್ವಿಸ್‌ಗೆ ಕೊಟ್ಟಾಗ ಪ್ರೆಶರ್ ಗನ್ ನೇರ ಹಾರ್ನ್ ಬಾಯಿಗೆ ಹಿಡಿಯಬೇಡಿ ಅಂತ ಹುಡುಗರಿಗೆ ಹೇಳಿ.

ಪ್ರಶ್ನೆ (ಬೇಲೂರು): ನಮ್ಮ ಅಜ್ಜನ ಹಳೇ ಸ್ಕೂಟರ್ ರಿಪೇರಿ ಮಾಡಿಸಿದ್ದೇನೆ. ಬ್ಯಾಟರಿ ಇಲ್ಲದ ಗಾಡಿ. ಹೊಸ ಹಾರ್ನ್ ಹಾಕಿದರೂ ಕೂಗುವುದಿಲ್ಲ.

ಉತ್ತರ: ಅದಕ್ಕೆ ಎಸಿ ಹಾರ್ನ್ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನದು) ಬೇಕು ಸರ್. ಬ್ಯಾಟರಿ ಇಲ್ಲದ ಆ ಸ್ಕೂಟರ್‌ಗಳಲ್ಲಿ ಇಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದ ನೇರ ಎಸಿ ಕರೆಂಟ್ ಬರುತ್ತದೆ. ನೀವು ಹಾಕಿರುವುದು 12 ವೋಲ್ಟ್ ಡಿಸಿ, ಅಂದರೆ ಬ್ಯಾಟರಿ ಕರೆಂಟಿನದು ಇರಬೇಕು. ಹಳೆಯದರ ಮೈಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆಯೋ ಅದೇ ತನ್ನಿ. ಇಂಜಿನ್ ನಿಧಾನ ಇದ್ದಾಗ ದನಿ ಸಣ್ಣಗೆ, ಓಡಿಸಿದಾಗ ದೊಡ್ಡದಾಗಿ ಬರುವುದು ಅದರ ಗುಣ. ಅಜ್ಜನ ಗಾಡಿ ಉಳಿಸಿಕೊಂಡಿದ್ದೀರಲ್ಲ, ತುಂಬಾ ಸಂತೋಷ.

ಪ್ರಶ್ನೆ (ಮೈಸೂರು, ಕಾರು): ಅಣ್ಣಾ, ಸ್ಟೀರಿಂಗ್ ನೇರ ಇದ್ದಾಗ ಹಾರ್ನ್ ಬರುತ್ತದೆ, ತಿರುಗಿಸಿದಾಗ ಬರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪವೂ ಉರಿಯುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ ಅಕ್ಕ. ಸ್ಟೀರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ಭಾಗ ಇದೆ. ಒಳಗೆ ತೆಳ್ಳನೆಯ ರಿಬ್ಬನ್ ಥರದ ವೈರ್ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಚಕ್ರ ತಿರುಗಿದಂತೆ ಅದೂ ಬಿಚ್ಚಿ ಸುತ್ತುತ್ತದೆ. ಹಾರ್ನ್ ಮತ್ತು ಏರ್‌ಬ್ಯಾಗ್ ಎರಡರ ಕರೆಂಟೂ ಅದರಲ್ಲೇ ಹೋಗುವುದು. ಆ ರಿಬ್ಬನ್ ಹರಿಯುತ್ತಿದೆ. ಇದನ್ನು ಮುಂದೂಡಬೇಡಿ. ಹಾರ್ನ್ ಇಲ್ಲದಿದ್ದರೆ ಹೇಗೋ ನಿಭಾಯಿಸಬಹುದು, ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ತೆರೆಯದಿದ್ದರೆ ಏನು ಗತಿ? ಮನೆಯಲ್ಲಿ ಯಾರೂ ಸ್ಟೀರಿಂಗ್ ಬಿಚ್ಚಲು ಹೋಗಬಾರದು. ಏರ್‌ಬ್ಯಾಗ್ ಕೈಯಲ್ಲಿ ಸಿಡಿದರೆ ಮುಖಕ್ಕೆ ಪೆಟ್ಟು. ಬ್ಯಾಟರಿ ಮೈನಸ್ ತೆಗೆದು, ಸ್ವಲ್ಪ ಹೊತ್ತು ಕಾದು ಕೆಲಸ ಮಾಡುವವರ ಹತ್ತಿರವೇ ಕೊಡಿ.

ಉಳಿದವರಿಗೂ ಹೇಳುತ್ತೇನೆ. ಕಾರಿನಲ್ಲಿ ಹಾರ್ನ್ ಪೂರ್ತಿ ಬರದಿದ್ದರೆ ಒಬ್ಬರು ಬಟನ್ ಒತ್ತಲಿ, ಇನ್ನೊಬ್ಬರು ಫ್ಯೂಸ್ ಬಾಕ್ಸ್ ಹತ್ತಿರ ಕಿವಿ ಕೊಡಲಿ. ರಿಲೇ (ಬಟನ್ ಅಪ್ಪಣೆಯಂತೆ ಹಾರ್ನ್‌ಗೆ ಕರೆಂಟ್ ಬಿಡುವ ಸ್ವಿಚ್) ‘ಟಿಕ್’ ಅಂದರೆ ಬಟನ್ ಕಡೆ ಸರಿ ಇದೆ, ರಿಲೇಯಿಂದ ಮುಂದೆ ಹಾರ್ನ್ ಕಡೆ ನೋಡಿ. ‘ಟಿಕ್’ ಬರದಿದ್ದರೆ ಫ್ಯೂಸ್, ಬಟನ್, ಕ್ಲಾಕ್ ಸ್ಪ್ರಿಂಗ್, ರಿಲೇ ನೋಡಿ. ದನಿ ಬರುತ್ತದೆ ಆದರೆ ತೆಳ್ಳಗಾಗಿದೆ ಅಂದರೆ ಎರಡರಲ್ಲಿ ಒಂದು ಹಾರ್ನ್ ಸತ್ತಿರುತ್ತದೆ. ತುಂಬಾ ಕಾರುಗಳಲ್ಲಿ ಒಂದು ದಪ್ಪ ದನಿಯದು, ಒಂದು ಸಣ್ಣ ದನಿಯದು, ಹೀಗೆ ಜೋಡಿ ಇರುತ್ತದೆ. ಸುರುಳಿ ಬಾಯಿಯ ಹಾರ್ನ್ ಆದರೆ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ತಿಂಗಳುಗಟ್ಟಲೆ ನಿಂತಿದ್ದ ಒಂದು ಕಾರಿನ ಹಾರ್ನ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬಿಡಿಸಿದ ಮೇಲೆ ದನಿ ಮೊದಲಿನ ಹಾಗೆ ಬಂತು.

ಪ್ರಶ್ನೆ (ಹಾಸನ): ನಿನ್ನೆ ರಾತ್ರಿ ನಮ್ಮ ಬೀದಿಯಲ್ಲಿ ಒಂದು ಕಾರು ತಾನೇ ತಾನಾಗಿ ಹಾರ್ನ್ ಹೊಡೆಯಲು ಶುರುಮಾಡಿ ಅರ್ಧ ಗಂಟೆ ನಿಲ್ಲಲೇ ಇಲ್ಲ. ಅಂಥ ಹೊತ್ತಲ್ಲಿ ಏನು ಮಾಡಬೇಕು?

ಉತ್ತರ: ಬಾನೆಟ್ ಎತ್ತಿ ಹಾರ್ನ್ ಫ್ಯೂಸ್ ಅಥವಾ ರಿಲೇ ಕೀಳಿ. ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ ಕಹಳೆಯ ಚಿತ್ರ ಇರುತ್ತದೆ. ಸಿಗದಿದ್ದರೆ 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿ ಮೈನಸ್ ತೆಗೆಯಿರಿ. ರಿಲೇ ಒಳಗೆ ಪಾಯಿಂಟ್ ಅಂಟಿಕೊಂಡರೆ ಅಥವಾ ಬಟನ್ ವೈರ್ ಎಲ್ಲೋ ಲೋಹಕ್ಕೆ ತಾಗಿದರೆ ಹೀಗಾಗುತ್ತದೆ.

ಪ್ರಶ್ನೆ (ತುಮಕೂರು, ಬೈಕ್): ಕಂಪನಿ ಹಾರ್ನ್‌ಗೆ ಯಾರೂ ದಾರಿ ಬಿಡುವುದಿಲ್ಲ ಸರ್. ಕಾರಿಗೆ ಹಾಕುವ ಜೋಡಿ ಹಾರ್ನ್ ಹಾಕಿಸಿದೆ. ಮೂರೇ ವಾರಕ್ಕೆ ಬಟನ್ ಕರಗಿತು. ಈಗ ರಿಲೇ ಹಾಕಿಸಬೇಕಂತೆ.

ಉತ್ತರ: ಬಟನ್ ಕರಗಿದ್ದು ಆಶ್ಚರ್ಯವಲ್ಲ. ಬೈಕಿನ ಒಂದು ಹಾರ್ನ್ ಎಳೆಯುವುದು ಎರಡು ಮೂರು ಆಂಪಿಯರ್. ಕಾರಿನ ಜೋಡಿ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಆ ಸಣ್ಣ ವೈರ್, ಆ ಚಿಕ್ಕ ಪಟ್ಟಿ ಹೇಗೆ ತಡೆದಾವು? ರಿಲೇ ಅಂದರೆ ಬಟನ್ ಬರೀ ಅಪ್ಪಣೆ ಕೊಡುತ್ತದೆ, ಭಾರ ಹೊರುವ ಕರೆಂಟ್ ಬೇರೆ ದಪ್ಪ ವೈರಿನಲ್ಲಿ ಹೋಗುತ್ತದೆ. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಪ್ಲಸ್, 87ರಿಂದ ಹಾರ್ನ್‌ಗೆ, 85 ಮತ್ತು 86ಕ್ಕೆ ಹಳೇ ಹಾರ್ನ್‌ನ ಎರಡು ವೈರ್. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಹೇಗೆ ಹಾಕುತ್ತಾರೆ ಅಂತ ಹೇಳಿದೆ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಹಾಕಿಸುವುದಿಲ್ಲ.

ಯಾಕೆ ಅಂದರೆ, ಜೋರು ಹಾರ್ನ್ ಕೇಳಿಕೊಂಡು ಬಂದವರ ಗಾಡಿಯನ್ನು ನಾನು ಮೊದಲು ಅಳೆಯುತ್ತೇನೆ. ಹೆಚ್ಚಿನವರ ಹಾರ್ನ್‌ಗೆ ಒಂಬತ್ತೋ ಒಂಬತ್ತೂವರೆಯೋ ವೋಲ್ಟ್ ಸಿಗುತ್ತಿರುತ್ತದೆ. ಕಿಲುಬು ತೆಗೆದು, ಅರ್ಥ್ ಬಿಗಿ ಮಾಡಿ, ಪೂರ್ತಿ ವೋಲ್ಟ್ ಕೊಟ್ಟ ಮೇಲೆ ಕಂಪನಿ ಹಾರ್ನ್ ದನಿ ಕೇಳಿಸಿದರೆ ‘ಇಷ್ಟು ಸಾಕು’ ಅನ್ನುತ್ತಾರೆ. ನೀವೂ ಒಮ್ಮೆ ಹಾಗೆ ಮಾಡಿ ನೋಡಿ. ಕೇಂದ್ರ ಮೋಟಾರು ವಾಹನ ನಿಯಮ 1989ರ 119ನೇ ನಿಯಮದಲ್ಲಿ ಹಲವು ರಾಗದ ಹಾರ್ನ್, ಕಿವಿಗೆ ಚುಚ್ಚುವ, ಗಾಬರಿ ಹುಟ್ಟಿಸುವ ಹಾರ್ನ್ ಹಾಕಬಾರದು ಅಂತ ಸ್ಪಷ್ಟವಾಗಿದೆ. ಅಗತ್ಯವಿಲ್ಲದೆ, ಬಿಡದೆ ಹಾರ್ನ್ ಹೊಡೆದರೂ ತಪ್ಪೇ. 2019ರ ತಿದ್ದುಪಡಿಯಲ್ಲಿ ಸೇರಿಸಿದ 194ಎಫ್ ಕಲಂ ಪ್ರಕಾರ ಮೊದಲ ಸಲಕ್ಕೆ 1,000, ಮತ್ತೆ ಸಿಕ್ಕರೆ 2,000 ರೂಪಾಯಿ ದಂಡ.

ದಂಡದ ಮಾತು ಪಕ್ಕಕ್ಕಿಡಿ. ನಮ್ಮ ಅಂಗಡಿ ಮುಂದೆ ಒಮ್ಮೆ ಒಬ್ಬರು ಅಜ್ಜಿ ರಸ್ತೆ ದಾಟುತ್ತಿದ್ದರು. ಹಿಂದಿನಿಂದ ಒಂದು ಬೈಕ್ ಅಂಥ ಜೋಡಿ ಹಾರ್ನ್ ಹೊಡೆಯಿತು. ಅಜ್ಜಿ ಬೆಚ್ಚಿ ಹಿಂದಕ್ಕೆ ಹೆಜ್ಜೆ ಇಟ್ಟರು, ಸರಿಯಾಗಿ ಬೈಕಿನ ದಾರಿಗೇ. ಕೂದಲೆಳೆಯಲ್ಲಿ ತಪ್ಪಿತು. ಕೈಯಲ್ಲಿದ್ದ ಸೊಪ್ಪಿನ ಚೀಲ ರಸ್ತೆಯಲ್ಲಿ ಚೆಲ್ಲಿತು. ಅವರಿಗೆ ನೀರು ಕೊಟ್ಟು ಕೂರಿಸಿದೆವು. ಎಷ್ಟೋ ಹೊತ್ತು ಕೈ ನಡುಗುತ್ತಲೇ ಇತ್ತು. ಅಂದಿನಿಂದ ನಾನು ಜೋರು ಹಾರ್ನ್ ಹಾಕಿಕೊಡುವುದನ್ನು ಬಿಟ್ಟಿದ್ದೇನೆ.

ಪ್ರಶ್ನೆ (ಮಂಗಳೂರು, ಕಾರು): ಡ್ರೈವಿಂಗ್ ಕಲಿತು ಆರು ತಿಂಗಳಾಯಿತು. ಮುಂದಿನ ವಾರ ಮೊದಲ ಸಲ ಶಿರಾಡಿ ಹತ್ತಬೇಕು. ತಿರುವಿನಲ್ಲೆಲ್ಲ ಹಾರ್ನ್ ಹೊಡೆಯಬೇಕಾ? ಊರಲ್ಲಿ ಹೊಡೆದರೆ ಬೈಯುತ್ತಾರೆ, ಘಾಟಿಯಲ್ಲಿ ಹೊಡೆಯದಿದ್ದರೆ ಬೈಯುತ್ತಾರೆ.

ಉತ್ತರ: ಎದುರಿನ ಗಾಡಿ ಕಾಣದ ತಿರುವಿನಲ್ಲಿ ಖಂಡಿತ ಹೊಡೆಯಿರಿ ಮೇಡಂ. ತಿರುವಿನ ಒಳಗೆ ಹೋದ ಮೇಲೆ ಅಲ್ಲ, ತಿರುವಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಉದ್ದ ಹಾರ್ನ್. ಆಮೇಲೆ ಗಾಜು ಸ್ವಲ್ಪ ಇಳಿಸಿ, ಹಾಡು ನಿಲ್ಲಿಸಿ, ಉತ್ತರ ಬರುತ್ತದಾ ಕೇಳಿ. ಘಾಟಿಯಲ್ಲಿ ಹಾರ್ನ್ ಹೊಡೆಯುವುದರ ಜೊತೆ ಕೇಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಕಿರಿದಾದ ಜಾಗದಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ನೀವು ಹತ್ತುತ್ತಿದ್ದೀರಿ ಅಂತ ಎದುರಿನವರಿಗೆ ಮೊದಲೇ ಗೊತ್ತಾಗಲಿ. ರಾತ್ರಿ ಆದರೆ ಹಾರ್ನ್‌ಗಿಂತ ಡಿಪ್ಪರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಕು ತಿರುವಿನ ಆಚೆಯ ಮರದ ಮೇಲೆ ಬೀಳುವುದು ಎದುರಿನವರಿಗೆ ಕಾಣಿಸುತ್ತದೆ. ದಟ್ಟ ಮಂಜಿದ್ದರೆ ಹೈ ಬೀಮ್ ಬೇಡ, ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್ ಮತ್ತು ಹಾರ್ನ್ ಇಟ್ಟುಕೊಳ್ಳಿ.

ಲಾರಿ ಹಿಂದಿಕ್ಕುವಾಗ ಒಂದು ಸಲ ಚಿಕ್ಕದಾಗಿ ಹೊಡೆದು, ಚಾಲಕರು ಕನ್ನಡಿಯಲ್ಲಿ ನಿಮ್ಮನ್ನು ನೋಡಿದರು ಅನ್ನಿಸಿದ ಮೇಲೆ ಹೋಗಿ. ಲಾರಿ ಕ್ಯಾಬಿನ್ನಿನಲ್ಲಿ ಇಂಜಿನ್ ಸದ್ದು ಜಾಸ್ತಿ, ಕೇಳಿಸದೇ ಇರಬಹುದು. ನಡೆದು ಹೋಗುವವರಲ್ಲೂ ಕಿವಿ ಕೇಳದವರು ಇರುತ್ತಾರೆ. ಹಾರ್ನ್ ಹೊಡೆದೆ ಅನ್ನುವ ಧೈರ್ಯದಲ್ಲಿ ಬ್ರೇಕ್ ಮೇಲಿನ ಕಾಲು ತೆಗೆಯಬೇಡಿ. ದನ ಅಡ್ಡ ನಿಂತಿದ್ದರೆ ಹಾರ್ನ್ ಬೇಡ, ನಿಲ್ಲಿಸಿ. ಬೆದರಿದ ದನ ಯಾವ ಕಡೆ ನುಗ್ಗುತ್ತದೆ ಅಂತ ಹೇಳಲಾಗದು.

ಊರೊಳಗೆ ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಶಾಂತ ವಲಯ ಅಂತ ಘೋಷಿಸಬಹುದು ಎಂದು 2000ದ ಶಬ್ದಮಾಲಿನ್ಯ ನಿಯಮದಲ್ಲಿದೆ. ಹಾಗೆ ಘೋಷಿಸಿದ ಕಡೆ ಹಾರ್ನ್ ಹೊಡೆಯಬಾರದು. ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೂ ಹೊಡೆಯಬಾರದು, ತುರ್ತು ಇದ್ದರೆ ಬೇರೆ ಮಾತು. ಸಿಗ್ನಲ್ ಕೆಂಪಿದ್ದಾಗ ಹಿಂದಿನವರು ಎಷ್ಟೇ ಹೊಡೆಯಲಿ, ನೀವು ಗಾಬರಿಯಾಗಬೇಡಿ. ಆರಾಮಾಗಿ ಹೋಗಿ ಬನ್ನಿ.

ಪ್ರಶ್ನೆ (ಹೊಳೆನರಸೀಪುರ, ಎಲೆಕ್ಟ್ರಿಕ್ ಸ್ಕೂಟರ್): ಎಲೆಕ್ಟ್ರಿಕ್ ಗಾಡಿಗೂ ನೀವು ಹೇಳಿದ ನೇರ ಬ್ಯಾಟರಿ ಪರೀಕ್ಷೆ ಮಾಡಬಹುದಾ?

ಉತ್ತರ: ಬೇಡವೇ ಬೇಡ! ಒಳ್ಳೆ ಹೊತ್ತಿಗೆ ಕೇಳಿದಿರಿ. ಅದರ ದೊಡ್ಡ ಬ್ಯಾಟರಿ 48 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಅದನ್ನು 12ಕ್ಕೆ ಇಳಿಸುವ ಕನ್ವರ್ಟರ್‌ನಿಂದ ಹಾರ್ನ್‌ಗೂ ದೀಪಗಳಿಗೂ ಕೊಟ್ಟಿರುತ್ತಾರೆ. ದೊಡ್ಡ ಬ್ಯಾಟರಿ ಮುಟ್ಟಬೇಡಿ. ಹಾರ್ನ್, ಇಂಡಿಕೇಟರ್, ದೀಪ ಒಟ್ಟಿಗೆ ಹೋಗಿದ್ದರೆ ಕನ್ವರ್ಟರ್ ಅಥವಾ ಅದರ ಫ್ಯೂಸ್, ಶೋರೂಮಿಗೇ ಕೊಡಿ. ಹಾರ್ನ್ ಒಂದೇ ಹೋಗಿದ್ದರೆ ಬಟನ್‌ನಿಂದ ನೋಡಲು ಹೇಳಿ.

ಪ್ರಶ್ನೆ (ಸಕಲೇಶಪುರ, ಸ್ಕೂಟರ್): ಅಣ್ಣಾ, ನೋಡಿದೆ. ಬ್ಯಾಟರಿ 12.5 ಇದೆ. ಬಟನ್ ಒತ್ತಿ ಹಿಡಿದಾಗ ಹಾರ್ನ್ ಹತ್ತಿರ 9.1. ನೇರ ಕೊಟ್ಟರೆ ಮಗ ಕಿವಿ ಮುಚ್ಚಿಕೊಂಡು ಓಡಿದ, ಅಷ್ಟು ಜೋರು. ಬಟನ್ ಒಳಗೆ ಕಿಲುಬು ಇರಲಿಲ್ಲ, ಚೆನ್ನಾಗಿತ್ತು. ಹಾರ್ನ್‌ಗೆ ಸಿಕ್ಕಿಸುವ, ವೈರ್ ತುದಿಯ ಎರಡು ಲೋಹದ ಲಗ್‌ಗಳಲ್ಲಿ ಒಂದು ಪೂರ್ತಿ ಹಸಿರಾಗಿತ್ತು. ಎಳೆದರೆ ವೈರ್ ಕೈಗೇ ಬಂತು, ಎರಡೇ ಎಳೆಯಲ್ಲಿ ನಿಂತಿತ್ತು.

ಉತ್ತರ: ಸಿಕ್ಕಿತಲ್ಲ! ಮುಂದಿನ ಚಕ್ರದ ಕೆಸರು ನೀರು ಸೀದಾ ಅಲ್ಲಿಗೇ ಹೊಡೆಯುತ್ತದೆ. ಹಸಿರಾದ ವೈರನ್ನು ಒಳ್ಳೆ ತಾಮ್ರ ಕಾಣುವ ತನಕ ಕತ್ತರಿಸಿ, ಹೊಸ ಲಗ್ ಒತ್ತಿಸಿ. ಹಾರ್ನ್‌ನ ಕಾಲನ್ನೂ ಎಮರಿ ಪೇಪರಿನಲ್ಲಿ ಉಜ್ಜಿ. ಜೆಲ್ಲಿ ಸವರಿ, ಮೇಲೊಂದು ರಬ್ಬರ್ ಟೋಪಿ ಹಾಕಿಸಿ. ಆಮೇಲೆ ಮತ್ತೆ ಅಳೆಯಿರಿ.

ಪ್ರಶ್ನೆ (ಅದೇ ಸದಸ್ಯರು): 11.9 ಬಂತು ಅಣ್ಣಾ. ತುಂಬಾ ಉಪಕಾರ ಆಯಿತು. ತಂದಿಟ್ಟ ಹೊಸ ಹಾರ್ನ್ ಏನು ಮಾಡಲಿ?

ಉತ್ತರ: ಪ್ಯಾಕೆಟ್ ಒಡೆದಿಲ್ಲ ತಾನೆ? ಬಿಲ್ ತೋರಿಸಿ ನಾಳೆಯೇ ವಾಪಸ್ ಕೊಟ್ಟುಬಿಡಿ.